ಚುಕ್ಕಿ ಎಲ್ಲಿತ್ತು

ಜೋಂಬಾದ ಆಸ್ಪತ್ರೆ, ಮಕ್ಕಳ ವಾರ್ಡು.
ಬೆಟ್ಟದ ಕಡೆಯಿಂದ ಜೂನ್ ತಿಂಗಳ ಚಳಿ.
ಕರೆಂಟು ಹೋಗಿ, ಬಂದು, ಹೋಗಿ
ಕೊನೆಗೆ ಮೊಬೈಲಿನ ಬೆಳಕಲ್ಲಿ
ಸಿಸ್ಟರ್ ಅಟುಪೆಲೆ ಓದಿದಳು: ಐದು.

ಡಾಕ್ಟರು ಬರೆದದ್ದು ಅರ್ಧ.
ಅರ್ಧ ಎಂದರೆ ಚುಕ್ಕಿ, ಆಮೇಲೆ ಐದು.
ಚುಕ್ಕಿಗೂ ಮೊದಲೊಂದು ಸೊನ್ನೆ ಇರಬೇಕಿತ್ತು, ಇರಲಿಲ್ಲ.
ಚುಕ್ಕಿ ಹೋಗಿ ಕೂತದ್ದು ಕಾಗದದ ನೀಲಿ ಗೆರೆಯ ಮೇಲೆ.
ಗೆರೆ ಅದನ್ನು ನುಂಗಿ ನೀರು ಕುಡಿದಿತ್ತು.

ಸುಟ್ಟಗಾಯದ ಕೂಸು, ಎಂಟು ತಿಂಗಳು.
ನೋವಿಗೆಂದು ಮಾರ್ಫಿನ್ ಸಿರಪ್ಪು.
ಅತ್ತಿತು. ಕುಡಿಯಿತು. ಮಲಗಿತು.
"ಮೂರು ದಿನದ ಮೇಲೆ ನಿದ್ದೆ, ಪಾಪ"
ಎಂದಳು ತಾಯಿ ಎಸ್ತೆರೆ. ಕೈಮುಟ್ಟಿ
ಉಪಕಾರವಾಯಿತು ಅಂದಳು.
ಅದೇ ಮಾತು ಇವತ್ತಿಗೂ ಅಟುಪೆಲೆಯ ಕಿವಿಯಲ್ಲಿ.

ನನ್ನ ಲಿಪಿಯಲ್ಲಿ ಒಂದು ಪದವಿದೆ, ಕದ.
ನಡುವೆ ಸೊನ್ನೆ ಇಟ್ಟರೆ ಕಂದ.
ಸ್ಲೇಟಿನ ಮೇಲೆ ಸೊನ್ನೆ ಮರೆತು
ಮೇಷ್ಟ್ರ ಹತ್ತಿರ ಕಿವಿ ಹಿಂಡಿಸಿಕೊಂಡಿದ್ದೆ.
ಅಷ್ಟೇ ಶಿಕ್ಷೆ. ಒರೆಸಿ ಮತ್ತೆ ಬರೆದೆ.
ಜೋಂಬಾದಲ್ಲಿ ಒರೆಸುವ ಬಟ್ಟೆ ಇರಲಿಲ್ಲ.
ಬೆಳಗಿನ ಜಾವ ಮೂರೂವರೆಗೆ
ಮುಚ್ಚಿದ್ದು ಮುಚ್ಚಿತು.

ಬೆಳಿಗ್ಗೆ ಸಭೆ. ಯಾರ ಪಾಳಿ? ಯಾರ ಸಹಿ?
ದೊಡ್ಡವರ ಬೆರಳೆಲ್ಲ ಒಂದೇ ದಿಕ್ಕಿಗೆ.
ಔಷಧಿ ಕೋಣೆಯ ಚಿಕುಂಬುಟ್ಸೊ ಎದ್ದು ನಿಂತ:
"ಅದೇ ಚೀಟಿ ನನ್ನ ಕೈಗೂ ಬಂದಿತ್ತು.
ನಾನೂ ಐದೇ ಓದಿದ್ದೆ."
ಸಭೆಗೆ ಮುಂದೆ ಮಾತು ಸಿಗಲಿಲ್ಲ.

ಹನ್ನೊಂದನೇ ದಿನ ಎಸ್ತೆರೆ ಬಂದಳು.
ಓದು ಬಾರದವಳು. ಕೂಗಾಡಲಿಲ್ಲ.
"ಚುಕ್ಕಿ ಎಲ್ಲಿತ್ತು, ತೋರಿಸಿ."
ಅಟುಪೆಲೆ ಕಡತ ಬಿಚ್ಚಿ ಕಿಟಕಿಗೆ ಹಿಡಿದಳು.
ಕಾಣಲಿಲ್ಲ. ಓರೆ ಮಾಡಿದಳು. ಊಹೂಂ.
ಎಸ್ತೆರೆ ಕಾಗದ ಈಸಿಕೊಂಡಳು,
ಕಾಳಿನಲ್ಲಿ ಕಲ್ಲು ಆರಿಸಿ ಪಳಗಿದ ಕೈ,
ಕಿರುಬೆರಳ ಉಗುರನ್ನು ಗೆರೆಯುದ್ದಕ್ಕೂ ಎಳೆದು
ಒಂದು ಕಡೆ ನಿಲ್ಲಿಸಿದಳು.
"ಇಲ್ಲಿ. ಪೆನ್ನು ಚುಚ್ಚಿದೆ."

ಈಗ ಆ ವಾರ್ಡಿನಲ್ಲಿ ಗೆರೆಯಿಲ್ಲದ ಹಾಳೆ.
ಚುಕ್ಕಿಗೆ ಮೊದಲು ಮೊಟ್ಟೆಯಷ್ಟು ದಪ್ಪ ಸೊನ್ನೆ.
ಮದ್ದು ಅಳೆಯುವವಳನ್ನು ಯಾರೂ ಮಾತಾಡಿಸುವಂತಿಲ್ಲ,
ಇಬ್ಬರು ಗಟ್ಟಿಯಾಗಿ ಓದಬೇಕು,
ದೊಡ್ಡ ಡಾಕ್ಟರು ಗೊಣಗಿದರೂ.
ತಡವಾಗುತ್ತದೆ. ಮಕ್ಕಳು ಅಳುತ್ತವೆ.
ಅಳಲಿ, ಅನ್ನುತ್ತಾಳೆ ಅಟುಪೆಲೆ,
ಅಳುವುದು ಕೇಳಿಸುತ್ತಿರಲಿ.
ಆಮೇಲೆ ದೀಪವಿದ್ದರೂ, ಕಣ್ಣಿಗೆ ಕಂಡರೂ,
ಕಿರುಬೆರಳ ಉಗುರಿನಿಂದ
ಹಾಳೆಯನ್ನು ಒಮ್ಮೆ ಸವರಿ ನೋಡುತ್ತಾಳೆ.