ಬಿಳಿ ಎರಡು

ಹದಿನೇಳು ವರ್ಷ ಕುಸುಮಕ್ಕ ಹಾಡಿದ್ದು ಬಿಳಿ ಮೂರಕ್ಕ.
ನನ್ನ ಬೇಸ್ ಗಿಟಾರಿನ ದಪ್ಪ ತಂತಿ, ಎಲ್ಲಾಕಿಂತ ಕೆಳಗಿಂದು,
ಅದೂ ಬಿಳಿ ಮೂರು.
ಬೆರಳು ಒತ್ತೂ ಕೆಲಸನ ಇದ್ದಿಲ್ಲ. ಬರೇ ಮೀಟಿದರ ಸಾಕು,
ಆಕಿ ಕಾಲಬುಡಕ ನೆಲ ಹಾಸಿದಂಗ ಆಗತಿತ್ತು.

ಶ್ರಾವಣದಾಗ ಕೊರಳ ಆಪರೇಶನ್ ಆತು.
ಲಿಂಬಿಕಾಯಿಯಷ್ಟು ಗಂಟು.
ದೀಪಾವಳಿ ಮುಗದ ಮ್ಯಾಲೆ ಶಹಾಪುರದ ತಾಲೀಮು ಖೋಲಿಗೆ ಬಂದು
ಬಾಯಿ ತಗದ್ಲು. ಸುರ ಬರಲಿಲ್ಲ.
ಇನ್ನೊಮ್ಮೆ ತಗದ್ಲು.
ನಾವು ಮೂರೂ ಮಂದಿ ಗ್ವಾಡಿ ನೋಡಕೋತ ಕುಂತಿವಿ.
"ಬಿಳಿ ಎರಡು ಕೊಡ್ರಿ" ಅಂದ್ಲು.

ಗುರುಪಾದಗ ಏನು, ಕೀಬೋರ್ಡಿನ ಗುಂಡಿ ಒತ್ತಿದ, ಮುಗೀತು.
ಡ್ರಮ್ಮಿನ ನಜೀರಗ ಸುರದ ಹಂಗಿಲ್ಲ.
ನಾ ಕಡೇ ಮೆಟ್ಟಲದಾಗ ನಿಂತಾಂವ,
ಕೆಳಗ ಕಾಲಿಡಾಕ ಜಾಗಾನ ಇಲ್ಲ.
ಮ್ಯಾಲಿನ ಸ್ಥಾಯಿಗೆ ಹಾರಿ ಬಾರಿಸಿದೆ.
ನೆಲ ಹಾಸೂ ಗೌಂಡಿ ಮಾಳಗಿ ಏರಿ ಕುಂತಂಗಾತು.

ಕ್ಯಾಂಪಿನಾಗ ವಿನ್ಸಿಯ ಅಂಗಡಿ. ಐದು ತಂತೀದು, ಕಂದು ಬಣ್ಣ,
ಮೂವತ್ನಾಕು ಸಾವಿರ, ಹನ್ನೊಂದು ಕಂತು.
ಐದನೇ ತಂತಿ ಮೀಟಿದೆ.
ಮೂರನೇ ಗೇಟಿನಾಗ ಗೂಡ್ಸ್ ಗಾಡಿ ಕಾಣೂದಕ್ಕಿಂತ ಮೊದಲ
ಅಂಗಾಲಿಗೆ ತಿಳೀತೈತಲ್ಲಾ,
ಹಂಗ ಬಂತು ದನಿ.
ಆದರ ಹಿಡಿ ಅಗಲ. ಹೆಬ್ಬಟ್ಟಿಗೆ ದಿಕ್ಕು ತಪ್ಪತು.
ಕರೆಂಟ್ ಹೋದ ರಾತ್ರಿ
ನಮ್ಮನಿ ಅಂತ ಬ್ಯಾರೇವರ ಮನಿ ಕದ ದೂಡಿದಂಗ
ಪ್ರತಿ ಸಲ ಒಂದು ತಂತಿ ಆಚೆ ಹೋಗಿ ನಿಂದರತಿತ್ತು.

ಮನಿಗೆ ಬಂದು ಹಳೇದರ ಕಿವಿ ಹಿಂಡಿದೆ, ಸಡಲ ಮಾಡಿದೆ.
ಬಿಳಿ ಎರಡಕ್ಕ ಇಳೀತು ಖರೆ,
ತಂತಿ ಜೋತು ಬಿದ್ದು ಪಟ್ಟಿಗೆ ಬಡದು, ಜರ್ರ್.

ದಸ್ತಗೀರ ಚಾಚಾ ತಂಬೂರಿ ರಿಪೇರಿ ಮಾಡಾಂವ.
ಖಡೇಬಜಾರದ ಹಿಂದ ಒಂದು ಖೋಲಿ,
ತೊಲಿಗೆ ಕುಂಬಳಬುರಡಿ ಜೋತಾಡತಾವು.
"ಕೆಟ್ಟೈತಿ ನೋಡ್ರಿ" ಅಂದೆ.
ಕಿವಿ ಹಚ್ಚಿ ಕೇಳಿದ. ಎಲಿ ಉಗಳಿ ಬಂದ.
"ಇದಕ್ಕ ನೀವು ಕೆಟ್ಟೈತಿ ಅಂತೀರಿ.
ಇದನ್ನ ತರಾಕ ನಾವು ಮೂರು ದಿವಸ ಅರ ಹಾಕತೀವಿ.
ಜವಾರಿ ಅಂತಾರ ಇದಕ್ಕ."
ನನಗ ಗೊತ್ತಿದ್ದದ್ದು ಜವಾರಿ ಕೋಳಿ, ಜವಾರಿ ಬದನಿಕಾಯಿ.
"ಜರಾ ದಪ್ಪ ತಂತಿ ಹಾಕು. ಜರ್ರ್ ಕಮ್ಮಿ ಆಗಲಿ,
ಪೂರಾ ಹೋಗೂದು ಬ್ಯಾಡ."
ತಂತಿ ಕೂಡೂ ಗಾಡಿ ತಾನ ಅರದಿಂದ ತಿಕ್ಕಿ ಕೊಟ್ಟ.
ರೊಕ್ಕ ತಗೋಲಿಲ್ಲ, ಬಿಡಿ ಕೊಡಿಸ್ಕೊಂಡ.

ಆದರೂ ಆ ಒಂದು ತಂತಿ ಮ್ಯಾಲೆ
ಪ್ರತಿ ಸುರಾನೂ ಎರಡು ಮನಿ ಮುಂದ ಹೋಗೇದ.
ಬೆರಳು ಹಳೇ ವಿಳಾಸಕ್ಕ ಹೋಗಿ ಬೈಸ್ಕೊಂಡು ಬರತಾವು.
ಕಡೀಕೆ ಆಕೀನ್ನ ಕೇಳಿದೆ. ಐದು ತಂತೀದು ತರಲೇನು?

"ಅದು ಎಲ್ಲೀತನ ಇಳೀತೈತಿ?"
"ಬಿಳಿ ಒಂದು. ಅದಕ್ಕೂ ಅರ್ಧ ಕೆಳಗ."
ಫ್ಲಾಸ್ಕಿನ ಮುಚ್ಚಳ ತಿರಿವಿದ್ಲು, ಬಿಸಿನೀರು ಕುಡದ್ಲು.
"ಅಲ್ಲೀತನ ನಾ ಇಳೀತೀನಿ ಅಂತ
ಈಗಿಂದನ ಹಾಸಗಿ ಹಾಸಿಡಬ್ಯಾಡೋ."

ಮರುದಿನ ವಿನ್ಸಿ ಫೋನ್. ಕೊಲ್ಹಾಪುರದಾಂವ ಒಬ್ಬಾಂವ ಕೇಳಾಕತ್ಯಾನ.
ಕೊಡು ಅಂದೆ.
ಸಂಜೀತನ ನನ್ನ ಹೆಬ್ಬಟ್ಟು ಸುಮ್ಮ ಕೂಡಲಿಲ್ಲ.

ಉದ್ಯಮಬಾಗದಾಗ ರಿಸೆಪ್ಶನ್, ಜನವರಿ ಥಂಡಿ.
ಹುಡುಗ ಶಿವಲಿಂಗ ಹಾಡೂದು ಬಿಳಿ ಮೂರಕ್ಕ. ಕಿವಿ ಬಿಗಿ.
ಆಕಿ ಸರತಿ ಬಂತು. ಕಿವಿ ಸಡಲ.
ಥಂಡಿಗೆ ತಂತಿ ಒಂದು ಕಡೆ ನಿಲ್ಲವಲ್ಲದು.
ಮುಂದಿನ ಸಾಲಿನಾಂವ ಗುಲಾಬಜಾಮೂನು ನುಂಗಿ
"ಏನ್ ಕೆಟ್ಟತ್ರೀ?" ಅಂದ.
ನಾ ಗಿಟಾರಿನ ಕೋಡಿಗೆ ಗದ್ದ ಹಚ್ಚಿ,
ಎಲವಿನಾಗ ಕೇಳಕೋತ, ಒಂದೊಂದ ಎಳಿ ಇಳಿಸಾಕತ್ತಿದ್ದೆ.
ಆಕಿ ಮೈಕ್ ಹಿಡದು ನಿಂತಾಳ. ಅವಸರ ಇಲ್ಲ.
ತಂತಿ ಸ್ವಲ್ಪ ಹೆಚ್ಚಿಗೇನ ಇಳೀತು,
ತಿರಗಿ ಹತ್ತಿಸಿದೆ.
ಜರ್ರ್.
ಆಕಿ ಆ ಕಡೆ ತಿರಗಿ ಉಸರು ತುಂಬ್ಕೊಂಡ್ಲು.