ಎಪ್ಪತ್ನಾಲ್ಕು

ವರ್ಲಿ ಸೀಫೇಸಿನ ಗೋಡೆಗುಂಟ
ಎಂಟು ತಿಂಗಳಿಂದ ಓಡುತ್ತಿದ್ದೇನೆ.
ಸಲ್ವಾರಿನ ಮೇಲೆ ಗಂಡನ ಹಳೆಯ ಟೀಶರ್ಟು,
ಶಾಲೆಯ ಕ್ರೀಡಾದಿನಕ್ಕೆಂದು ಕೊಂಡ ಬಿಳಿ ಬೂಟು.
ಹೋಗುವಾಗ ಬಲಕ್ಕೆ ಸಮುದ್ರ, ಬರುವಾಗ ಎಡಕ್ಕೆ,
ಆಚೆ ಬದಿ ಕೋಟಿಗಟ್ಟಲೆ ಬೆಲೆಯ ಕಿಟಕಿಗಳು,
ನಡುವೆ ಎಂಬತ್ತೊಂದು ಕಿಲೋದ
ಮುನಿಸಿಪಾಲಿಟಿ ಟೀಚರು.

ಮೊದಮೊದಲು ಇಳಿಯಿತು, ನಿಜ.
ತಿಂಗಳಿಗೆ ಒಂದೂವರೆ, ಒಮ್ಮೊಮ್ಮೆ ಎರಡು.
ಜೊತೆಗೆ ಇಳಿದವು
ಬಾಚಣಿಗೆ ತುಂಬ ಕೂದಲು, ಕೆನ್ನೆ, ನಿದ್ದೆ,
ಮೂರನೆಯ ಮಹಡಿಗೆ ಕೊಡ ಏರಿಸುವ ತ್ರಾಣ.
ರಾತ್ರಿ ಬರೀ ಸಾರು ಕುಡಿದು
ಬೆಳಗ್ಗೆ ಇನ್ನೂ ಒಂದು ದೀಪದ ಕಂಬ ದೂರ.
ಕಂಬ ಎಣಿಸುತ್ತ ಓಡಿದೆ
ಮಗ್ಗಿ ಒಪ್ಪಿಸುವ ನನ್ನ ಹುಡುಗರ ಹಾಗೆ,
ಯಾಕೆಂದು ಕೇಳದೆ.

ಆಮೇಲೆ ನಿಂತಿತು.
ಪ್ರಭಾದೇವಿ ಸ್ಟೇಷನ್ನಿನ ತೂಕದ ಯಂತ್ರ
ಕೆಂಪು ಚಕ್ರ ತಿರುಗಿಸಿ, ಕರಕರ ಅಂದು,
ನಾಲ್ಕು ಸೋಮವಾರ ಅದೇ ಚೀಟಿ ಉಗುಳಿತು:
ಎಪ್ಪತ್ನಾಲ್ಕು.
ಹಿಂಬದಿಗೆ ಭವಿಷ್ಯ: ನಿಮ್ಮದು ಉದಾರ ಮನಸ್ಸು.
ಎರಡರಲ್ಲಿ ಯಾವುದೋ ಒಂದು ಸುಳ್ಳು.

ಹೆಸರು ಕೋಳಿವಾಡ, ಮೂಗಿಗೆ ಸಿಗುವುದು ಮೀನು.
ಅಲ್ಲೊಂದು ಓಣಿಯಲ್ಲಿ ತಗಡಿನ ಮಾಡಿನ ವ್ಯಾಯಾಮಶಾಲೆ,
ಗೋಡೆಗೆ ಮಾರುತಿ, ನೆಲಕ್ಕೆ ಸಿಮೆಂಟು ತುಂಬಿದ ಪೇಂಟಿನ ಡಬ್ಬಿಗಳು,
ಸಂಜೆ ಹೆಂಗಸರಿಗೆಂದು ಒಂದೇ ಗಂಟೆ.
ಪ್ರಾಜಕ್ತಾ ತಾಂಡೇಲ, ಇಪ್ಪತ್ತಾರರ ಹುಡುಗಿ,
ನನ್ನ ತೋಳು ಒತ್ತಿ ನೋಡಿದಳು
ಬದನೆಕಾಯಿ ಆರಿಸುವವಳ ಹಾಗೆ.
"ಟೀಚರ್, ಕೊಬ್ಬಿನ ಜೊತೆ ಮಾಂಸವನ್ನೂ ಓಡಿಸಿಬಿಟ್ಟಿದ್ದೀರಿ.
ಕಸ ಹೊರಗೆ ಹಾಕುವಾಗ
ಮನೆಯ ಕಂಬ ಯಾರಾದರೂ ಕೀಳ್ತಾರಾ?"

ಹಾಗಂತ ಓಟ ಬಿಡಿಸಲಿಲ್ಲ.
ಎದೆಗೂ ಕೆಲಸ ಬೇಕಲ್ಲ, ಅಂದಳು.
ಮಂಗಳವಾರ, ಶನಿವಾರ ಸಮುದ್ರ.
ಸೋಮ, ಗುರು ಡಬ್ಬಿ.
ಬುಧವಾರ ಸುಮ್ಮನಿರಿ, ಸುಮ್ಮನೆ ಅಂದರೆ ಸುಮ್ಮನೆ.
ಸಾರಿನ ಜೊತೆ ಎರಡು ಮೊಟ್ಟೆ, ಒಂದು ಹಿಡಿ ಹೆಸರುಕಾಳು.
ಅತ್ತೆ ಮೊಟ್ಟೆಗೆ ಬೇರೆ ಪಾತ್ರೆ ಕೊಟ್ಟರು,
ದಿನಾ ಅದರ ಮೇಲೊಂದು ಬಟ್ಟೆ ಮುಚ್ಚಿದರು.

ಕುಕ್ಕುರುಗಾಲಲ್ಲಿ ಕೂರುವುದು, ಏಳುವುದು.
ಮೊದಲ ವಾರ ಚಾಳಿನ ಸಂಡಾಸದಲ್ಲಿ
ಗೋಡೆ ಹಿಡಿದು ಕುಲದೇವರನ್ನು ಕರೆದೆ.
ಆರನೆಯ ವಾರ ಉಪ್ಪಿನಕಾಯಿ ಬಾಟಲಿ
ಯಾರನ್ನೂ ಕರೆಯದೆ ತೆರೆಯಿತು.
ಲಂಗದ ಲಾಡಿ ಒಂದು ಗೇಣು ಹೆಚ್ಚು ಉಳಿಯಿತು,
ರವಿಕೆಯ ತೋಳು ಬಿಗಿಯಾಯಿತು.
ಯಂತ್ರದ್ದು ಮಾತ್ರ ಒಂದೇ ಹಟ.
ಎಪ್ಪತ್ನಾಲ್ಕು.

ಇವತ್ತು ಶನಿವಾರ.
ಬಸ್‌ಸ್ಟಾಪಿನ ಪಕ್ಕ ಎಂದಿನಂತೆ ಮೀನಿನ ಮೌಶಿ,
ಕಾಲ ಬಳಿ ಬುಟ್ಟಿ.
"ಜರಾ ಹಾತ್ ಲಾವ್ ಗ" ಅಂತ
ಹೋಗಿ ಬರುವವರನ್ನೆಲ್ಲ ಕರೆಯುವವಳು.
ನೆಲದಿಂದ ತಲೆಯವರೆಗೆ ಮಾತ್ರ ಇನ್ನೊಬ್ಬರ ಕೈ ಬೇಕು,
ಆಮೇಲೆ ಮಹಾಲಕ್ಷ್ಮಿಯವರೆಗೂ ಅವಳದೇ ಕುತ್ತಿಗೆ.
ಎಂಟು ತಿಂಗಳು ಅವಳನ್ನು ದಾಟಿ ಓಡಿದ್ದೇನೆ,
ನಿಂತರೆ ಲಯ ತಪ್ಪುತ್ತದೆಂದು
ಕೈಗಡಿಯಾರ ತೋರಿಸಿ.

ನಿಂತೆ.
ಬೆನ್ನು ನೆಟ್ಟಗೆ, ಹಿಮ್ಮಡಿ ನೆಲಕ್ಕೆ, ಉಸಿರು ಹೊರಗೆ,
ಬುಟ್ಟಿ ಎದ್ದಿತು.
ಬಂಗುಡೆಯ ತಣ್ಣನೆ ನೀರು
ಮೊಣಕೈಯಿಂದ ಕಂಕುಳಿಗೆ ಇಳಿಯಿತು.
ಸಿಂಬಿಯ ಮೇಲೆ ಕೂರಿಸಿ ಕೇಳಿದೆ, ಎಷ್ಟು ಕಿಲೋ?
"ಬುಟ್ಟಿದಾ? ನಂದಾ?" ಅಂದಳು
ಅರವತ್ತು ದಾಟಿದ ಕತ್ತು ಅಲುಗಿಸದೆ,
ಉತ್ತರಕ್ಕೆ ಕಾಯದೆ ಸಿಗ್ನಲ್ಲು ದಾಟಿದಳು.

ಸ್ನಾನ ಮಾಡಿಯೇ ಶಾಲೆಗೆ ಹೋದದ್ದು.
ಆದರೂ ಎರಡನೆಯ ಬೆಂಚಿನ ಹುಡುಗ ಮೂಗರಳಿಸಿದ:
"ಟೀಚರ್, ಬಂಗುಡೆ!"
ತರಗತಿ ಇಡೀ ನಕ್ಕಿತು.
ನಾನು ಹಲಗೆಯ ಮೇಲೆ ತಾರೀಖು ಬರೆಯುತ್ತಿದ್ದೆ,
ಏಪ್ರಿಲ್ ಏಳು.
ತೋಳು ಇನ್ನೂ ಸಣ್ಣಗೆ ನಡುಗುತ್ತಿತ್ತು.
ಏಳು ಒಂದು ಕಡೆ ವಾಲಿತು, ನಾಲ್ಕು ಇನ್ನೊಂದು ಕಡೆ.
ಒರೆಸಲು ಹೋಗಲಿಲ್ಲ.