ಸೀಟಿನಲ್ಲಿ ಯಾರ ತೂಕ

"ಬಲಕ್ಕೆ ಎಳೆಯುತ್ತಿದೆ" ಅಂದ ಗವೀನು,
ನೊಗದ ಜೋಡಿಯಲ್ಲಿ ಒಂದೆತ್ತಿನ ಮೇಲೆ ದೂರು ಹೇಳುವ ಹಾಗೆ.
ಬೋಸಾದ ಹೊಳೆದಂಡೆ, ನನ್ನ ಗ್ಯಾರೇಜು,
ಬಾಗಿಲಲ್ಲಿ ಅವನ ಕೆಂಪು ಸ್ಪೈಡರ್
ಒಂದು ಭುಜ ಇಳಿಸಿಕೊಂಡು ನಿಂತಿತ್ತು.

ಜಾಕ್ ಕೊಟ್ಟು ಎತ್ತಿದೆ.
ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು
ಅಲ್ಲಾಡಿಸಿದರೆ ಟಕ್, ಟಕ್.
ಅಜ್ಜನ ಹಲ್ಲಿನಂತೆ ಬೇರು ಬಿಟ್ಟ ಬಾಲ್ ಜಾಯಿಂಟು.
ಬುಶ್ಶಿನ ರಬ್ಬರು ಬಿರಿದು ಉದುರಿ
ಬೆರಳಿಗೆ ಕಾಡಿಗೆಯಾಗಿ ಮೆತ್ತಿತು.
ಶಾಕ್ ಅಬ್ಸಾರ್ಬರು ಎಂದೋ ಅತ್ತು ಮುಗಿಸಿತ್ತು,
ಮೈಮೇಲೆ ಎಣ್ಣೆಯ ಕಲೆ ಮಾತ್ರ.

ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ಸಮುದ್ರದ ಉಪ್ಪು ತಿಂದ ಈ ಬೋಲ್ಟು
ಮೂರು ದಿನ ಎಣ್ಣೆ ಕುಡಿದೂ ಜಗ್ಗಲಿಲ್ಲ.
ಆಮೇಲೆ ಬೆಂಕಿ. ಆಮೇಲೆ ಬೈಗುಳ,
ಅಪ್ಪನಿಂದ ಸ್ಪ್ಯಾನರ್ ಪೆಟ್ಟಿಗೆಯ ಜೊತೆ ಬಂದದ್ದು.
ಕೊನೆಗೆ ಹಿಡಿಗೆ ಮಾರುದ್ದ ಪೈಪು ಸಿಕ್ಕಿಸಿ ನೇತುಬಿದ್ದೆ.
ಕಿರ್ರೆಂದಿತು, ಮುನಿಸು ಬಿಟ್ಟ ಮಾವನ ಹಾಗೆ
ಆಮೇಲೆ ಬೆರಳಲ್ಲೇ ಬಿಚ್ಚಿಕೊಂಡಿತು.

ಅಡಿಯಿಂದೆದ್ದು ಕೈ ಒರೆಸುವಾಗ ಕಂಡೆ:
ಬಲಬಾಗಿಲಿನುದ್ದಕ್ಕೂ ಗೀರು,
ಗೀರಿನೊಳಗೆ ಗುಲಾಬಿ ಸುಣ್ಣ,
ಮೇಲಿನ ಕೇರಿಯ ಗೋಡೆಯದ್ದು.
ಅದರ ಕೆಳಗೆ ಹಳದಿ. ಅದು ಬೇಕರಿಯವರದ್ದು.
ಬುಶ್ಶು ಸವೆದರೆ ಗಾಡಿ ಎಳೆಯುತ್ತದೆ, ನಿಜ.
ನಿಂತ ಗೋಡೆಯನ್ನು ಮರೆಸುವಷ್ಟಲ್ಲ.
ನಾನು ಏನೂ ಹೇಳಲಿಲ್ಲ.
ರಶೀದಿಯಲ್ಲಿ ಅದಕ್ಕೆ ಸಾಲಿಲ್ಲ.

ಹೊಸ ಬುಶ್ಶಿಗೊಂದು ನೇಮವಿದೆ:
ಕಾಲು ನೇತಾಡುವಾಗ ಬೋಲ್ಟು ಬಿಗಿಯಬಾರದು.
ನೆಲಕ್ಕಿಳಿಸಿ, ಭಾರ ಬಂದ ಮೇಲೆ, ಕೊನೆಯ ಸುತ್ತು.
ಆತುರಪಟ್ಟರೆ ರಬ್ಬರು
ಬದುಕಿಡೀ ತಿರುಚಿಕೊಂಡೇ ಇರುತ್ತದೆ,
ಸುಮ್ಮನೆ ನಿಂತ ಹೊತ್ತಲ್ಲೂ.

ಆಮೇಲೆ ಅಲೈನ್‌ಮೆಂಟು.
ಹೆದ್ದಾರಿ ಪಕ್ಕದ ಹೊಸ ಅಂಗಡಿಯಲ್ಲಿ ಲೇಸರ್ ಕಣ್ಣಿನ ಯಂತ್ರವಿದೆ.
ನನ್ನದು ಮೀನುಗಾಳದ ದಾರ,
ನಾಲ್ಕು ಗೂಟ, ಒಂದು ಉಕ್ಕಿನ ಸ್ಕೇಲು.
ಕಾರಿನ ಎರಡೂ ಮಗ್ಗುಲಿಗೆ ದಾರ ಬಿಗಿದು
ರಿಮ್ಮಿನ ಮುಂಚಿಗೆ ಎಷ್ಟು, ಹಿಂದಕ್ಕೆ ಎಷ್ಟು, ಅಳೆಯುವುದು.
ಮುಂದಿನವೆರಡೂ ಎರಡೇ ಮಿಲಿಮೀಟರು ಒಳಗೆ ನೋಡಬೇಕು,
ಮಾತಾಡುತ್ತ ನಡೆವ ಗೆಳೆಯರು
ಒಬ್ಬರ ಕಡೆಗೊಬ್ಬರು ವಾಲುವಷ್ಟು.

ಅದಕ್ಕೂ ಮೊದಲು ಸೀಟಿಗೆ ಭಾರ ಹೇರಬೇಕು,
ಓಡಿಸುವವರ ತೂಕದಷ್ಟು. ಮರಳಿನ ಚೀಲಗಳಿವೆ.
ಇಪ್ಪತ್ತು ವರ್ಷ ಅವನಿಗೇ ಹೇರಿದ್ದೆ, ಲೆಕ್ಕ ಬಾಯಿಪಾಠ.
ಆದರೂ ಕೇಳಿದೆ:
"ಸೀಟಿನಲ್ಲಿ ಯಾರ ತೂಕ?"

ಹೊಳೆಯಲ್ಲಿ ಯಾರದೋ ದೋಣಿಯ ಮೋಟಾರು ಕೆಮ್ಮಿ ನಿಂತಿತು.
ಬಾಗಿಲಿಗೊರಗಿದ್ದ ಅವನ ತಂಗಿ ಬೊನಾರಿಯಾ
"ಐವತ್ತೆಂಟು ಕಿಲೋ" ಅಂದಳು. "ಬೂಟು ಬಿಟ್ಟು."
ಗವೀನು ನನ್ನನ್ನು ನೋಡಿದ,
ನನ್ನನ್ನಲ್ಲ, ನನ್ನ ಕಿವಿಯ ಪಕ್ಕದ ಗಾಳಿಯನ್ನು.
ಆಮೇಲೆ ಬಾನೆಟ್ಟಿನ ಮೇಲೆ ಅಂಗೈ ಸವರುತ್ತ
ಮುಂದಿನಿಂದ ಸುತ್ತಿ ಬರತೊಡಗಿದ.
"ದಾರ!" ಅಂದೆ. ನಿಂತ.
ಗೂಟದಿಂದ ಬಿಚ್ಚಿ ಎತ್ತಿ ಹಿಡಿದೆ,
ಬಗ್ಗಿ, ಕೆಳಗೆ ನುಸಿದು ಬಂದ,
ಗೀರಿನ ಬಾಗಿಲು ತೆರೆದು ಬಲಗಡೆ ಕೂತ.
"ನನ್ನದು ತೊಂಬತ್ತೊಂದು. ಚೀಲ ಬೇಡ, ನಾನೇ ಇದ್ದೇನೆ."

ದಾರವನ್ನು ಮತ್ತೆ ಮೊದಲಿನಿಂದ ಬಿಗಿದೆ.
ಅರ್ಧ ಗಂಟೆ ಇಬ್ಬರೂ ಅಲುಗದೆ ಕೂತಿದ್ದರು,
ಮದುವೆಯ ಫೋಟೋಗೆ ಕೂತವರಂತೆ ಗಂಭೀರ.

ಅಲ್ಗೇರೋ ದಾರಿಯ ತಿರುವುಗಳಲ್ಲಿ ಅವಳು ಓಡಿಸಿ ತಂದಳು.
ಸೇತುವೆಯ ಮೇಲೆ ಎರಡೂ ಕೈ ಬಿಟ್ಟಳಂತೆ,
ಗಾಡಿ ಗೆರೆ ಎಳೆದಂತೆ ಬಂತಂತೆ.
ಅವನು ಇಳಿಯಲಿಲ್ಲ. ಕೂತಲ್ಲಿಂದಲೇ ಅಂದ:
"ಎಡಗಡೆ ಹಿಂದಿನ ಟೈರಿಗೆ ಗಾಳಿ ಸಾಲದು.
ತಿರುವಿನಲ್ಲಿ ಕೇಳಿಸಿತು."

ನಗುತ್ತಲೇ ಹೋಗಿ ಗೇಜು ಒತ್ತಿದೆ.
ಎರಡು ಗೆರೆ ಕಡಿಮೆ ಇತ್ತು.